ಕಂಬಳಿ ಹುಡುಗಿ

ನಮ್ಮಣ್ಣ ವೀರೇಶಿ ಸತ್ತ ಸುದ್ದಿ ಹೊತ್ತು ಬಂದ ಕಾಗದವನ್ನು ಒಲೆಗೆ ಹಾಕಿ ಸುಟ್ಟಾಕಿ ನಾನು. ಅದು ಅಂಚೆಯಾಗ ಕಳೆದದ್ದಲ್ಲ, ದಾರಿಯಾಗ ಬಿದ್ದದ್ದಲ್ಲ. ನಾನು — ಗಂಗವ್ವ, ತಳಕಲ್ಲಿನ ಮಗಳು, ನವಲಿಯ ಸೊಸಿ — ಈ ಎರಡು ಕೈಯಿಂದ ಸುಟ್ಟೆ. ಐವತ್ತು ವರ್ಷದ ಮ್ಯಾಲಾಯಿತು. ಹೋದ ವಾರದತನಕ ಒಬ್ಬರ ಮುಂದೂ ಬಾಯಿ ಬಿಟ್ಟಿದ್ದಿಲ್ಲ.

ಇಂಥಾದ್ದು ಬರೆಯುವಾಗ ಅಳಬೇಕು. ನನಗ ಅಳು ಬರವಲ್ಲದು! ಸಂತೋಷ ಎದೆಯೊಳಗ ಹಿಡಿಸವಲ್ಲದು, ಅಕ್ಷರ ಸೊಟ್ಟ ಬೀಳಾಕತ್ತಾವ. ನಾಕನೇ ಇಯತ್ತೆತನಕ ಕಲಿತಾಕಿ ನಾನು. ಮೊದಲೇ ನನ್ನ ಅಕ್ಷರ ಕೆಸರಾಗ ಎಮ್ಮಿ ನಡೆದಂಗ ಇರತಾವ. ಹಾಲು ಉಕ್ಕಿದಾಗ ತಳಕ್ಕೆ ಹತ್ತಿದ್ದೂ ಮ್ಯಾಲೆ ಬರತೈತಿ ನೋಡ್ರಿ — ಹಂಗ ಬಂದೈತಿ ಇದು. ದುಃಖದಾಗ ಇಷ್ಟು ವರ್ಷ ಮುಚ್ಚಿಟ್ಟೆ. ಈ ಸಂತೋಷದಾಗ ಮುಚ್ಚಾಕ ಆಗವಲ್ಲದು.

ನಮ್ಮ ಶಿಲ್ಪಾ, ನನ್ನ ಹಿರೇ ಮಗನ ಮಗಳು, ವಿಮಾನ ಹಾರಿಸ್ಯಾಳ್ರೀ! ಸೈನ್ಯದ ವಿಮಾನ. ಪಕ್ಕದಾಗ ಕಲಿಸೋ ಮಾಸ್ತರ ಇಲ್ಲ, ಹಿಂದ ಯಾರೂ ಇಲ್ಲ, ಒಬ್ಬಾಕಿನ ಮ್ಯಾಲೆ ಒಯ್ದು, ಒಂದು ಸುತ್ತು ಹಾಕಿ, ಹೂವು ಇಟ್ಟಂಗ ತಂದು ನೆಲಕ್ಕ ಇಟ್ಟಾಳ. ಹೋದ ವಾರ ಬಿಸಿಲು ಏರಿದ ಹೊತ್ತಿಗೆ ಫೋನಿನಾಗ ಮಾರಿ ತೋರಿಸಿದಳು. ತಲಿ ತೊಯ್ದು ತೊಪ್ಪಿಯಾಗಿತ್ತು. ಹಲ್ಲು ಮಾತ್ರ ಹೊಳೀತಿದ್ದವು.

"ಅಯ್ಯ ಶಿವನ, ಎಲ್ಲಿ ಬಿದ್ದಿಯೇ? ಕೆರಿಯಾಗ ಇಳಿಸಿದೇನ ವಿಮಾನ?" ಅಂದೆ.

"ಇಲ್ಲ ಆಯಿ! ಮೊದಲ ಸಲ ಒಬ್ಬರೇ ಹಾರಿಸಿ ಇಳಿದ್ರ ಗೆಳತ್ಯಾರೆಲ್ಲ ಕೂಡಿ ಬಕೇಟಿಲೆ ನೀರು ಸುರೀತಾರ. ಇಲ್ಲಿ ಪದ್ಧತಿ ಅದು."

"ಅಂದ್ರ ಸುರಿಗಿ ಎರೆದಂಗಾತು!" ಅಂತ ನಮ್ಮನಿಯವರು ಹಿಂದಿನಿಂದ ಕೂಗಿದರು. "ವಿಮಾನದ ಸಂಗಡ ಲಗ್ನಾತು ನಮ್ಮ ಹುಡುಗೀದು!"

ನಮ್ಮನಿಯವರು ಅಂದ್ರ ನಿಂಗಪ್ಪ. ಎಂಬತ್ತರ ಹತ್ತಿರ ಬಂದಾರ. ಆ ವಯಸ್ಸಿನಾಗ ಧೋತರದ ಚುಂಗು ಹಿಡಕೊಂಡು ಓಣಿಗೆ ಓಡಿದರು. ಗದ್ದಿಯಿಂದ ಬರುವವರನ್ನ ಒಬ್ಬೊಬ್ಬರನ್ನ ತಡೆದು ಹೇಳಿದ್ದೇ ಹೇಳಿದ್ದು.

"ಏ ಮುತ್ಯಾ, ನಿನ್ನ ಸೈಕಲ್ಲು ಇನ್ನೂ ಸೀದಾ ಹೋಗಂಗಿಲ್ಲ, ನಿನ್ನ ಮೊಮ್ಮಗಳು ವಿಮಾನ ಹಾರಿಸಿದಳಾ?" ಅಂತ ಯಾವಾಕಿಯೋ ಕೆಣಕಿದಳು.

"ಅದು ನನ್ನ ರಕ್ತ ಅಲ್ಲ ತಂಗಿ, ನಮ್ಮ ಗಂಗಿ ತವರುಮನಿ ರಕ್ತ! ಆಕಿ ಅಣ್ಣ ವಿಮಾನದಾಗಿದ್ದ, ಲಡಾಯಿ ವರ್ಷ!"

ನಾನು ನಗುತ್ತಿದ್ದೆ. ಸುರಿಗಿ — ಮದುಮಗಳಿಗೆ ಎರೆಯೋ ನೀರು — ಅನ್ನೋ ಮಾತು ಮಾತ್ರ ನನ್ನನ್ನ ಆ ಒಲಿ ಮುಂದ ಒಯ್ದಿತ್ತು. ಅಷ್ಟರಾಗ ಶಿಲ್ಪಾ ಇನ್ನೊಂದು ಹೇಳಿದಳು — ಇನ್ನೊಂದು ಆರು ತಿಂಗಳಿಗೆ ಇವರ ಕಲಿಕೆ ಮುಗಿಯುತ್ತದ, ದೊಡ್ಡ ಬಯಲಾಗ ಎಲ್ಲರನ್ನೂ ನಿಲ್ಲಿಸಿ, ಹೆಗಲಿಗೆ ಹಾಕೋ ಪಟ್ಟಿಯನ್ನ ಮನಿಯವರ ಕೈಯಿಂದ ಹಾಕಸತಾರ. "ಬಲಕ್ಕ ಅಪ್ಪ. ಎಡಕ್ಕ ನೀನು. ವೀರೇಶಜ್ಜನ ತಂಗಿ ಕೈ ಬೇಕು ನನಗ. ಬಂದ ಬರ್ತೀನಿ ಅಂದು, ಕಡೀಕ ಟಿಕೇಟು ಕಂಬಳಿ ಹುಡುಗಿ ಕೈಯಾಗ ಕೊಟ್ಟೆ ಅನ್ನಬ್ಯಾಡ ಮತ್ತ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ಮನಿಯಾಗ ಯಾರಾದರೂ ಸುಳ್ಳು ನೆವ ಹೇಳಿದರೆ ಹಂಗ ಅಂತೀವಿ — ಕಂಬಳಿ ಹುಡುಗಿ ಕೈಯಾಗ ಕೊಟ್ಟೆ. ತಳಕಲ್ಲಿನಾಗ ಹುಟ್ಟಿದ ಮಾತು. ಲಗ್ನ, ಬೀಗತನ ಹಿಡಕೊಂಡು ನವಲಿತನಕ ಬಂದೈತಿ. ಕಂಬಳಿ ಹುಡುಗಿ ಅಂದ್ರ ಇಲ್ಲದಾಕಿ. ಹುಸಿ.

ಆಕಿ ಹುಸಿ ಅಲ್ಲ. ಅದನ್ನ ಹೇಳಾಕ ಕುಂತೀನಿ.

ವೀರೇಶಿ ನನಗಿಂತ ಐದು ವರ್ಷ ದೊಡ್ಡಾಂವ. ಸಣ್ಣಾಂವ ಇದ್ದಾಗ ಬಣಿವಿ ಮ್ಯಾಲೆ ಅಂಗಾತ ಮಲಗಿ ಹದ್ದು ನೋಡಾಂವ. ಒಮ್ಮೆ ತನ್ನ ಕರೇ ಕಂಬಳಿಯನ್ನ ಎರಡೂ ಕೈಯಿಗೆ ಕಟ್ಟಿಕೊಂಡು ಬಣಿವಿ ಮ್ಯಾಲಿಂದ ಹಾರಿದ. ಮುಂದಿನ ಹಲ್ಲು ಮುರೀತು. "ಗಾಳಿ ಹಿಡಿದಿತ್ತವ್ವಾ, ಒಂದು ಗಳಿಗಿ ಖರೇನ ಹಿಡಿದಿತ್ತು" ಅಂತ ಬಾಯಿತುಂಬ ರಕ್ತ ಇಟ್ಟುಕೊಂಡು ನಗುತ್ತಿದ್ದ. ಮೆಟ್ರಿಕ್ ಮುಗಿದ ಮ್ಯಾಲೆ ಸೈನ್ಯದ ವಿಮಾನದ ಪಡೆ ಸೇರಿದ. ಹಾರಿಸೋ ಕೆಲಸ ಅಲ್ಲ, ಹಾರುವಾಗ ಒಳಗ ಕುಂತು ಮಷೀನು ನೋಡಿಕೊಳ್ಳೋ ಕೆಲಸ. "ಬಂಡಿ ಕೀಲಿಗೆ ಎಣ್ಣಿ ಹಾಕಿದಂಗ ಇದಕ್ಕೂ ಹಾಕಬೇಕವ್ವಾ, ಇದು ಹುಲ್ಲು ತಿನ್ನೋದಿಲ್ಲ ಅಷ್ಟ" ಅಂತ ಬರೀತಿದ್ದ. ಅವನ ಕಾಗದ ಅವ್ವಗ ಓದಿ ಹೇಳಾಕಿ ನಾನು. ಮನಿಯಾಗ ಅಕ್ಷರ ಬಲ್ಲಾಕಿ ನಾನೊಬ್ಬಾಕಿ.

ಅಪ್ಪ ಇದ್ದಿದ್ದಿಲ್ಲ. ನನಗ ಮೊದಲೊಂದು ಗಂಡು ಗೊತ್ತಾಗಿ, ವೀಳ್ಯ ಹಿಡಿಯೋ ವಾರದಾಗೇ ಅಪ್ಪ ತೀರಿಕೊಂಡ. ಆ ಗಂಡಿನವರು ಹಿಂದಕ್ಕ ಸರಿದರು. ಊರಾಗ ಮಾತು ಹುಟ್ಟಿತು — ಗಂಗಿ ಕಾಲ್ಗುಣ ಛಲೋ ಇಲ್ಲ. ಎರಡು ವರ್ಷ ಯಾರೂ ನಮ್ಮ ಕಟ್ಟಿ ಏರಲಿಲ್ಲ. ಆಮ್ಯಾಲೆ ನವಲಿಯಿಂದ ಬಂದವರು ಇವರು. ನೀರಾವರಿ ಊರು, ನೆಲ್ಲಿನ ಗದ್ದಿ. ನಾವು ಜ್ವಾಳದ ರೊಟ್ಟಿ ಬಡೆಯೋರು. ದಿನಾ ಬಿಳೀ ಅನ್ನ ಉಣ್ಣೋ ಮನಿ ಅಂತ ಕೇಳಿ ನಾನು ಕನಸಿನಾಗೂ ಅನ್ನ ಕಂಡೀನಿ. ನಗಬ್ಯಾಡ್ರಿ. ಗಂಡನ್ನ ಕದ್ದು ನೋಡಿದಾಗ ಆತ ಕೆಮ್ಮಿದ ನೆವ ಮಾಡಿ ನನ್ನ ಕಡಿ ತಿರುಗಿ ನಕ್ಕಿದ್ದ — ಅನ್ನಕ್ಕಿಂತ ಅದೇ ಹೆಚ್ಚು ರುಚಿ ಹತ್ತಿತ್ತು.

ಅದೇ ಹೊತ್ತಿಗೆ ಪಾಕಿಸ್ತಾನದ ಸಂಗಡ ಲಡಾಯಿ ಬಿತ್ತು. ವೀರೇಶಿಗೆ ರಜಾ ಸಿಗಲಿಲ್ಲ. ಬರೆದ: "ಲಗ್ನ ಮುಂದಕ್ಕ ಹಾಕಬ್ಯಾಡ್ರಿ. ನಾ ಬರಲಿಲ್ಲ ಅಂದ್ರೂ ನಮ್ಮ ಗಂಗೀದು ನಡೀಲಿ." ಈ ಸಾಲನ್ನ ನಾನು ಎಷ್ಟು ವರ್ಷ ಜಪಿಸೀನಿ! ಅಣ್ಣನೇ ನಡೀಲಿ ಅಂದಿದ್ದಾನಲ್ಲ — ಅಂತ. ಆದರೆ ಆತ ಬರೆದದ್ದು ರಜಾ ಸಿಗದ್ದಕ್ಕ. ತನ್ನ ಸಾವಿಗೆ ಬರೆದದ್ದಲ್ಲ.

ಲಗ್ನದ ಹಿಂದಿನ ದಿನ ಮುಂಜಾನೆ. ನನಗ ಅರಿಷಿಣ ಹಚ್ಚಿದ್ದರು. ಅಂಗಳದಾಗ ನಾಲ್ಕು ಮೂಲಿಗೆ ನಾಲ್ಕು ತಂಬಿಗಿ ಇಟ್ಟು, ನೂಲು ಸುತ್ತಿ, ನಡುವ ಕುಂಡ್ರಿಸಿ ಎರೆಯೋ ಸುರಿಗಿ ನೀರು ಹಿತ್ತಲ ಒಲಿ ಮ್ಯಾಲೆ ಕಾಯುತ್ತಿತ್ತು. ಚಳಿ ಅಂದ್ರ ಚಳಿ. ಅಣ್ಣನ ಕರೇ ಕಂಬಳಿ ತಲಿತುಂಬ ಹೊದ್ದುಕೊಂಡು ಒಲಿ ಮುಂದ ಕುಂತಿದ್ದೆ. ಹೆಂಗಸರೆಲ್ಲ ಮುಂದಿನ ಹಂದರದಾಗ ಹಾಡು ಹೇಳುತ್ತಿದ್ದರು.

ಹಿತ್ತಲ ಬಾಗಿಲಿಗೆ ರಾಜೇಸಾಬ ಬಂದ. ಟಪಾಲು ಹಂಚಾಂವ, ಪಕ್ಕದ ಊರಿನಾಂವ, ಆಗ ಮೂವತ್ತರ ಒಳಗಿನ ಮನಿಷಾ. ಯಾವಾಗಲೂ ಮುಂದಿನ ಬಾಗಿಲಿಗೆ ಬಂದು ಗಂಟಿ ಬಾರಿಸಾಂವ, ಅವತ್ತು ಹಿಂದ ಬಂದಿದ್ದ. ನಮ್ಮ ಕಡಿ ಸಾವಿನ ಕಾಗದಕ್ಕ ಒಂದು ಮೂಲಿ ಹರಿದಿರತೈತಿ — ಓದು ಬಾರದವರಿಗೂ ಕಣ್ಣಿಗೆ ಬಿದ್ದ ಕೂಡಲೇ ತಿಳೀಲಿ ಅಂತ. ಅರಿಷಿಣ ಹಚ್ಚಿದ ಮನಿ ಮುಂದಿನ ಬಾಗಿಲಿನಿಂದ ಅಂಥ ಕಾಗದ ಒಯ್ಯಬಾರದು. ತಂತಿ ಇಂಗ್ಲಿಷಿನಾಗ ಬಂದ್ರ ನಮ್ಮಂಥವರಿಗೆ ಓದಾಕ ಬರೋದಿಲ್ಲ ಅಂತ ಪೋಸ್ಟ್ ಮಾಸ್ತರರು ಅದರ ಸಂಗಡ ಕನ್ನಡದಾಗ ಒಂದು ಕಾರ್ಡು ಬರೆದು ಕಳಸತಿದ್ದರು. ಆ ಕಾರ್ಡಿನ ಮೂಲಿ ಹರಿದಿತ್ತು.

"ತಂಗೀ, ಮನಿ ಹಿರೇರನ್ನ ಯಾರನ್ನರ ಕರಿ" ಅಂದ. ನೆಲ ನೋಡುತ್ತ ನಿಂತಿದ್ದ.

"ಕೊಡ್ರಿ, ನಾ ಕೊಡತೀನಿ" ಅಂದೆ.

ಇಷ್ಟೇ. ಇಷ್ಟೇ ಮಾತು. ಕಂಬಳಿ ಒಳಗಿಂದ ಕೈ ಚಾಚಿದೆ, ಆತ ಇಟ್ಟ, ಹೋದ.

ಓದಿದೆ. ಕಲಿಕೆಯ ಹಾರಾಟದಾಗ ವಿಮಾನ ಬಿದ್ದು ನಿಮ್ಮ ಮಗ ವೀರೇಶಿ ತೀರಿಕೊಂಡಾನ. ನಾಡಿದ್ದು ಮಧ್ಯಾಹ್ನದತನಕ ನಿಮ್ಮ ದಾರಿ ಕಾಯತೀವಿ. ಬರುವುದಾದರೆ ತಂತಿ ಕೊಡ್ರಿ, ನಿಮ್ಮ ಪದ್ಧತಿ ಏನು ತಿಳಿಸ್ರಿ, ಉತ್ತರ ಬಾರದಿದ್ದರೆ ನಾವೇ ದಹನ ಮಾಡತೀವಿ.

ನಮ್ಮಲ್ಲಿ ಸುಡೋದಿಲ್ಲ. ಮಣ್ಣು ಕೊಡತೀವಿ. ಹೆತ್ತವ್ವ ಒಂದು ಹಿಡಿ ಹಾಕಬೇಕು, ಒಡಹುಟ್ಟಿದವರು ಒಂದು ಹಿಡಿ ಹಾಕಬೇಕು. ಭಾನಾಪುರದಿಂದ ಅವತ್ತು ರೈಲು ಹತ್ತಿದ್ದರೆ ಒಂದು ಹಗಲು ಒಂದು ರಾತ್ರಿಗೆ ಮುಟ್ಟುತ್ತಿದ್ದರು. ಇದೆಲ್ಲ ನನಗ ಗೊತ್ತಿತ್ತು. ಗೊತ್ತಿದ್ದೇ —

ಅಳಲಿಲ್ಲ. ಮೊದಲು ಬಂದ ವಿಚಾರ ಅಣ್ಣಂದಲ್ಲ. ಇದೂ ಮುರೀತು, ಅಂತ ಬಂತು. ಮೊದಲ ಲಗ್ನಕ್ಕ ಅಪ್ಪನ್ನ ನುಂಗಿದಳು, ಎರಡನೇ ಲಗ್ನಕ್ಕ ಅಣ್ಣನ್ನ ನುಂಗಿದಳು ಅಂತಾರ ಅಂತ ಬಂತು. ಕೆಮ್ಮಿ ನಕ್ಕ ಮಾರಿ ಕಣ್ಣಮುಂದ ಬಂತು. ಹರಿದ ಮೂಲಿಯ ಕಾಗದ ಮನಿಯಾಗ ಇಡಬಾರದು, ಓದಿದ ಕೂಡಲೇ ನಾಶ ಮಾಡಬೇಕು ಅಂತ ಹಿರೇರು ಹೇಳತಾರಲ್ಲ — ಆ ಶಾಸ್ತ್ರ ನೆನಪಿಟ್ಟುಕೊಂಡೆ ನೋಡ್ರಿ, ಉಳಿದ ಎಲ್ಲಾ ಮರೆತು! ತಂತಿಯನ್ನೂ ಕಾರ್ಡನ್ನೂ ಒಲಿಯೊಳಗ ಇಟ್ಟೆ. ಭಗ್ ಅಂತ ಹತ್ತಿತು. ಮ್ಯಾಲೆ ಹಂಡೆಯ ನೀರು ಕುದಿಯಾಕ ಹತ್ತಿತು.

ಆ ನೀರಿನಾಗ ನನಗ ಸುರಿಗಿ ಎರೆದರು. ನಾಳೆ ಅಕ್ಕಿಕಾಳು ಬಿದ್ದ ಮ್ಯಾಲೆ ಹೇಳತೀನಿ ಅಂತ ಅಂದುಕೊಂಡಿದ್ದೆ. ಅಕ್ಕಿಕಾಳು ಬಿದ್ದವು. ಉಂಡು ಏಳಲಿ ಅಂದುಕೊಂಡೆ. ಉಂಡರು. ನವಲಿಗೆ ಹೋಗೋ ಬಂಡಿ ಕಟ್ಟಿದರು, ಅವ್ವ ನನ್ನ ಉಡಿ ತುಂಬಿ, "ನಿಮ್ಮಣ್ಣ ಇರಬೇಕಿತ್ತವಾ, ಕಣ್ಣು ತುಂಬ ನೋಡತಿದ್ದ" ಅಂದಳು. ಆಗಲೂ ಹೇಳಲಿಲ್ಲ. ಬಾಯಿ ಒಣಗಿ ನಾಲಿಗಿ ಅಂಟಿತ್ತು ಅಂತ ಹೇಳಿದರೆ ಸುಳ್ಳಾಗತೈತಿ. ನಾಲಿಗಿ ಛಲೋ ಇತ್ತು. ಗಂಡನ ಹೆಸರು ಹೇಳು ಅಂದಾಗ ಒಡಪು ಹಾಕಿ ಹೇಳಿದ್ದೆ.

ಐದನೇ ದಿನಕ್ಕ ಎರಡನೇ ತಂತಿ ಬಂತು. ನಿಮ್ಮಿಂದ ಉತ್ತರ ಬರಲಿಲ್ಲ, ಗೌರವದಿಂದ ದಹನ ಮಾಡಿದೆವು, ಬೂದಿ ಕಳಸತೀವಿ. ನನ್ನನ್ನ ತಳಕಲ್ಲಿಗೆ ಕರಕೊಂಡು ಬಂದರು. ಅವ್ವ ಅಂಗಳದಾಗ ಉರುಳಾಡುತ್ತಿದ್ದಳು. "ಮೊದಲನೇ ತಂತಿ ಎಲ್ಲಿ? ನನ್ನ ಮಗನ್ನ ಸುಟ್ಟರಲ್ಲೋ! ಎಲ್ಲಿ ತಂತಿ?"

ರಾಜೇಸಾಬನನ್ನ ಕರೆಸಿದರು. ಆತ ಖಾಕಿ ಅಂಗಿ ಹಾಕಿಕೊಂಡೇ ಬಂದು ನಿಂತ. "ಹಿತ್ತಲಾಗ ಕಂಬಳಿ ಹೊದ್ದ ಹುಡುಗಿ ಕೈಯಾಗ ಕೊಟ್ಟೀನವ್ವಾ. ದೇವರಾಣಿ."

"ಯಾವ ಹುಡುಗಿ? ತೋರಸು!"

ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ನಾನೂ ನಿಂತೆ — ಹಸಿರು ಬಳಿ, ಹೊಸ ಕಾಲುಂಗುರ. ಆತ ಒಬ್ಬೊಬ್ಬರನ್ನೂ ನೋಡುತ್ತ ಬಂದ. ನನ್ನ ಮುಂದ ನಿಂತ. ಮಾರಿ ನೋಡಲಿಲ್ಲ, ಕೈ ನೋಡಿದ. ಅರಿಷಿಣ ಇನ್ನೂ ಉಗುರಾಗ ಇತ್ತು.

"ಗುರ್ತು ಸಿಗವಲ್ದವ್ವಾ" ಅಂದ.

ಯಾರೋ ಗಂಡಸು ನಕ್ಕ: "ಸಿಕ್ತಲ್ಲ ಗುರ್ತು! ಕಂಬಳಿ ಹುಡುಗಿ ಅಂತ!" ಆ ಗಾದೆಮಾತು ಹುಟ್ಟಿದ್ದು ಅವತ್ತು. ಅವ್ವ ಎರಡೂ ಕೈಯಿಂದ ಅಂಗಳದ ಮಣ್ಣು ಬಾಚಿ ರಾಜೇಸಾಬನ ಮ್ಯಾಲೆ ತೂರಿದಳು. "ನನ್ನ ಮಗನಿಗೆ ಹಾಕೋ ಮಣ್ಣು ನಿನಗ ಹಾಕೀನಿ, ತಗೋ!" ಆತ ಅಂಗಿ ಝಾಡಿಸಲಿಲ್ಲ. ಹಂಗೇ ಸೈಕಲ್ಲು ಹತ್ತಿ ಹೋದ. ಮ್ಯಾಲಿನವರಿಗೆ ಅರ್ಜಿ ಹೋಗಿ ಆತನ್ನ ಕುಷ್ಟಗಿ ಕಡಿ ಹಾಕಿದರು. ತಳಕಲ್ಲಿಗೆ ಮತ್ತ ಕಾಲಿಡಲಿಲ್ಲ.

ಬೂದಿ ಒಂದು ಸಣ್ಣ ಗಡಿಗಿಯಾಗ ಬಂತು. ಅವ್ವ ಅದನ್ನ ಆ ಕರೇ ಕಂಬಳಿಯಾಗ ಸುತ್ತಿ, ಹೊಲದಾಗ ತೆಗ್ಗು ತೋಡಿ ಮುಚ್ಚಿದಳು. "ಸುಟ್ಟಿದ್ದಕ್ಕರ ಮಣ್ಣು ಕೊಡೋಣು" ಅಂದಳು. ನನ್ನ ಪಾಲಿನ ಹಿಡಿ ಮಣ್ಣು ಹಾಕುವಾಗ ಕಂಬಳಿ ಮುಚ್ಚಿಹೋಗೋದನ್ನ ನೋಡಿ ನನ್ನ ಒಳಗ ಒಂದು ಉಸಿರು ಹಗುರಾಯಿತು — ಸಾಕ್ಷಿ ಹೋಯಿತು ಅಂತ. ಅಣ್ಣನ ಮಣ್ಣಿನಾಗ ನಿಂತು ಹಗುರಾದೆ ನಾನು. ಇದಕ್ಕಿಂತ ಹೆಚ್ಚಿಗಿ ಏನು ಹೇಳಲಿ.

ಅವ್ವ ಸಾಯೋತನಕ ರಾಜೇಸಾಬನಿಗೆ ಶಾಪ ಹಾಕಿದಳು. ನಾನು ಪಕ್ಕದಾಗ ಕುಂತು ಕಾಲು ಒತ್ತಿದೆ.

ಹತ್ತು ಹನ್ನೆರಡು ವರ್ಷದ ಮ್ಯಾಲೆ ಹುಲಿಗಿ ಜಾತ್ರಿಗೆ ಹೋದಾಗ, ಹೊಳಿಯಿಂದ ಮ್ಯಾಲೆ ಬರೋ ದಾರಿಯಾಗ, ಎದುರಿಗೆ ರಾಜೇಸಾಬ. ಗಡ್ಡ ನರೆತಿತ್ತು. ನನ್ನ ಬಗಲಾಗ ಸಣ್ಣ ಮಗ. ಓಡಿಹೋಗಾಕ ದಾರಿ ಇರಲಿಲ್ಲ, ಜನ.

"ಛಲೋ ಅದಿಯೇನವಾ ತಂಗಿ? ಮಗನೇನು?" ಅಂದ.

ಹೌದಂತ ತಲಿ ಹಾಕಿದೆ.

"ಅವತ್ತು ನೀ ಕೈ ಚಾಚಿದಾಗ ಕಂಬಳಿ ಸರಿದಿತ್ತು. ಅರಿಷಿಣ ನಾ ನೋಡಿದ್ದೆ. ಕಾಗದ ಕೊಟ್ಟಾದ ಮ್ಯಾಲೆ ನೋಡಿದೆ — ಮದುಮಗಳ ಕೈಯಾಗ ಕೊಟ್ಟೆನಲ್ಲ ಅಂತ ನನಗೂ ತಪ್ಪು ಅನಿಸ್ತು." ಮಗನ ತಲಿ ಮ್ಯಾಲೆ ಕೈ ಇಟ್ಟ. "ಹೆಣ್ಣುಮಗಳ ಬಾಳುವೆ ಮುರಿಯೋದು ಹೆಂಗವಾ? ಛಲೋ ಅದಿಯಲ್ಲ. ಆತು."

ಹೋಗಿಬಿಟ್ಟ. ಹಿಂದ ಓಡಿ ಹೋಗಿ ಕಾಲು ಹಿಡಿಯಬೇಕಿತ್ತು, ಸೀದಾ ತಳಕಲ್ಲಿಗೆ ಹೋಗಿ ಅವ್ವನ ಮುಂದ ನಿಲ್ಲಬೇಕಿತ್ತು — ಆಗ ಅವ್ವ ಇನ್ನೂ ಇದ್ದಳು. ಏನು ಮಾಡಿದೆ? ಮಗನಿಗೆ ಬೆಂಡು ಬತ್ತಾಸು ಕೊಡಿಸಿ ಮನಿಗೆ ಬಂದೆ.

ಈಗ ನೋಡ್ರಿ, ನನ್ನ ಮೊಮ್ಮಗಳು ದಿನಾ ಕಲಿಕೆಯ ಹಾರಾಟ ಮಾಡತಾಳ. ಅಣ್ಣ ಹೋದದ್ದೂ ಅದರಾಗ. ಲಡಾಯಿ ವರ್ಷ ಸತ್ತರೂ ವೈರಿ ಹೊಡೆದು ಸತ್ತಾಂವಲ್ಲ, ಕಲೀತಾ ಕಲೀತಾ ಹೋದ. ಫೋನು ಗುಂಯ್ ಅಂದ್ರ ನನ್ನ ಜೀವ ಬಾಯಿಗೆ ಬರತೈತಿ, ಆಕಿ ಮಾರಿ ಕಂಡ ಕೂಡಲೇ ಕುಣಿಯತೈತಿ. ಇಷ್ಟು ಹಿಗ್ಗು ನನಗ್ಯಾಕ ಕೊಟ್ಟಿ ಶಿವನ ಅಂತ ಕೇಳತೀನಿ. ಆ ಹೆಗಲಿಗೆ ಪಟ್ಟಿ ಹಾಕೋ ಕೈ, ಸುದ್ದಿ ಸುಟ್ಟ ಕೈ. ಆಕಿಗೆ ಗೊತ್ತಿಲ್ಲದಂಗ ಹಾಕಿದರೆ ಅದು ಇನ್ನೊಂದು ಕಾಗದ ಸುಟ್ಟಂಗ.

ಮೊದಲು ನಿಂಗಪ್ಪಗ ಹೇಳಿದೆ. ಮುಂಜಾನೆ ಚಾ ಕುಡಿಯುತ್ತಿದ್ದರು. ನಿಮ್ಮನ್ನ ಕಳಕೊಳ್ಳಬಾರದು ಅಂತ ಮಾಡಿದೆ ಅಂದೆ. ಕಪ್ಪು ಕೆಳಗಿಟ್ಟರು. ಎದ್ದು ಹೊರಗ ಹೋದರು, ಗದ್ದಿ ಬದುವಿನ ಮ್ಯಾಲೆ ನಿಂತರು, ಚಾ ಆರಿ ಕೆನಿ ಕಟ್ಟಿತು. ತಿರುಗಿ ಬಂದು ಬಾಗಿಲಾಗ ನಿಂತು ಅಂದರು:

"ಸೂತಕ ಕಳೆಯೋತನಕ ನಾ ಕಾಯತಿದ್ದೆ, ಗಂಗಿ."

ಅಷ್ಟೇ ಅಂದದ್ದು. ಐವತ್ತು ವರ್ಷ ನಾನು ಯಾವ ಭಯದ ನೆರಳಾಗ ನಿಂತಿದ್ದೆನೋ ಅದು ಇರಲೇ ಇಲ್ಲ. ಒಂದು ಮಾತು ಕೇಳಿದ್ದರೆ ತಿಳೀತಿತ್ತು. ಕೇಳಲಿಲ್ಲ.

ಐತವಾರ ಶಿಲ್ಪಾ ಫೋನ್ ಮಾಡಿದಾಗ ಆಕಿಗೂ ಹೇಳಿದೆ. ನಗುತ್ತ ಬಂದ ಮಾರಿ ಬಾಡಿತು. ಹಿಂದ ಎಲ್ಲೋ ವಿಮಾನದ ಸಪ್ಪಳ.

"ಆ ಟಪಾಲಜ್ಜ ಅದಾನೇನು?"

"ಇಲ್ಲವಾ. ಮಣ್ಣಾಗ್ಯಾನ. ಮಗ ಕುಷ್ಟಗಿಯಾಗ ಹೊಲಿಗಿ ಅಂಗಡಿ ಇಟ್ಟಾನಂತ. ಅವನಿಗೂ ಸಾಲಿಯಾಗ ಕಂಬಳಿಸಾಬನ ಮಗ ಅಂತ ಕಾಡತಿದ್ದರಂತ."

"ನಾನೂ ಅಂದೀನಿ ಆಯಿ. ನೂರು ಸಲ ಅಂದೀನಿ. ಹೋದ ವಾರ ಅಂದೆ." ಕಣ್ಣು ಒರೆಸಿಕೊಂಡಳು. ಆಮ್ಯಾಲೆ ಗಟ್ಟಿ ದನಿಯಾಗ, ಅಪ್ಪಣೆ ಕೊಟ್ಟಂಗ ಅಂದಳು: "ಮೊದಲು ಅಲ್ಲಿ ಹೋಗಿ ಬಾ. ಆಮ್ಯಾಲೆ ನನ್ನ ಹೆಗಲು."

ಆಕಿ ಸಿಟ್ಟಿನಾಗ ಅಂದಳೋ ಪ್ರೀತಿಯಾಗ ಅಂದಳೋ, ನನಗ ತಿಳೀಲಿಲ್ಲ. ಆದರೂ ಹಿಗ್ಗಿದೆ! ಎಷ್ಟು ಸೀದಾ ಹುಡುಗಿ ಇದು, ನನ್ನ ಹೊಟ್ಟಿಯ ಸಾಲಿನಾಗ ಎಲ್ಲಿಂದ ಬಂತು — ವೀರೇಶಿ ಕಡಿಯಿಂದ ಬಂದಿರಬೇಕು.

ನಾಳೆ ಶುಕ್ರವಾರ. ಕುಷ್ಟಗಿ ಬಸ್ಸು ಹತ್ತತೀನಿ. ನಿಂಗಪ್ಪ ತಾನೂ ಬರ್ತೀನಿ ಅಂದರು. ಬ್ಯಾಡ ಅಂದೆ, ಕೈ ಚಾಚಿದಾಕಿ ನಾನೊಬ್ಬಾಕಿ. ಮಧ್ಯಾಹ್ನದ ನಮಾಜು ಮುಗಿಸಿ ರಾಜೇಸಾಬನ ಮಗ ಅಂಗಡಿ ತೆರೆಯೋ ಹೊತ್ತಿಗೆ ಮುಂದ ನಿಲ್ಲತೀನಿ. ಆತ ತನ್ನಪ್ಪನ ಮಣ್ಣಿನ ಹತ್ತಿರ ಕರಕೊಂಡು ಹೋಗ್ತೀನಿ ಅಂದ್ರ ಹೋಗ್ತೀನಿ, ಒಂದು ಹಿಡಿ ಹಾಕತೀನಿ. ನಮ್ಮವ್ವ ತೂರಿದ ಮಣ್ಣು ರಾಜೇಸಾಬನ ಮ್ಯಾಲೆ ಇನ್ನೂ ಐತಿ. ಮಗ ಹೊರಗ ನಡಿ ಅಂದ್ರ ನಡೀತೀನಿ. ಅದು ಆತನ ಕೈಯಾಗ.

ಏನು ಹೇಳಬೇಕು ಅಂತ ಐತವಾರದಿಂದ ಮಾತು ಕೂಡಿಸಿದೆ, ಅಳಿಸಿದೆ. ದೊಡ್ಡ ಮಾತು ಬ್ಯಾಡ. ಹೆಸರು ಕೇಳತಾನ ಮೊದಲು. ಗಂಗವ್ವ ಅಂದ್ರ ಆತಗ ಗೊತ್ತಾಗೋದಿಲ್ಲ.

ನಿಮ್ಮಪ್ಪ ಖರೇ ಹೇಳಿದ್ದನಪ್ಪಾ, ಅಂತೀನಿ. ಕಂಬಳಿ ಹುಡುಗಿ ನಾನು.